ಗಂಗಾಂಬಿಕೆಯ ಮೇಲೊಂದು ಕೇಸು

"ಗಂಗಾಂಬಿಕೆಯನ್ನ ನೋಡ್ಬೇಕಿತ್ತು. ನಾನು ಹಾಸನದಿಂದ ಬಂದಿದೀನಿ. ಲಾಯರು."

ಬಾಗಿಲಲ್ಲಿ ನಿಂತ ಯುವಕ ಹೇಳಿದ್ದು ಇಷ್ಟೇ. ಅಷ್ಟಕ್ಕೇ ಹೊಳೆನರಸೀಪುರದ ನಂಜಯ್ಯನವರ ಮನೆಯಲ್ಲಿ ಎಲ್ಲರ ಕಾಲಿಗೂ ಚಕ್ರ ಬಂತು. ನಂಜಯ್ಯನವರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, "ಬನ್ನಿ ಸ್ವಾಮಿ, ಒಳಗೆ ಬನ್ನಿ" ಎಂದು ಕುರ್ಚಿ ಎಳೆದರು. ಅಡಿಗೆಮನೆಯಲ್ಲಿ ಅವರ ಹೆಂಡತಿ ನೀಲಾಂಬಿಕೆಯವರು ಉಪ್ಪಿಟ್ಟಿನ ಮೇಲೆ ಇನ್ನೊಂದು ಸೌಟು ತುಪ್ಪ ಸುರಿದರು. ಅವರ ಒಬ್ಬಳೇ ಮಗಳು ಗಂಗಾಂಬಿಕೆ ಹಸಿರು ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಬಾಗಿಲ ಸಂದಿಗೆ ಕಣ್ಣಿಟ್ಟಳು.

ಅವತ್ತು ಅವಳನ್ನು ನೋಡಲು ಅರಕಲಗೂಡಿನಿಂದ ಗಂಡು ಬರುವುದಿತ್ತು. ಹುಡುಗ ಓದಿದವನು, ಕೋರ್ಟು ಕಚೇರಿ ಅಂತ ಓಡಾಡುವವನು ಎಂದಷ್ಟೇ ಮಧ್ಯಸ್ಥರು ಹೇಳಿದ್ದರು. ಅರಕಲಗೂಡಿನ ಗಂಡು ಹಾಸನದಿಂದ ಯಾಕೆ ಬಂದ, ಒಬ್ಬನೇ ಬಂದಿದ್ದಾನಲ್ಲ, ಅಪ್ಪ ಅಮ್ಮ ಎಲ್ಲಿ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದರೂ, ಈಗಿನ ಕಾಲದ ಹುಡುಗರು ಹೀಗೇ ಅಂದುಕೊಳ್ಳುತ್ತಿದ್ದರೇನೋ. ಆಗಲೇ ಸಾವಿರದ ಒಂಬೈನೂರ ಐವತ್ತೊಂಬತ್ತು ನಡೆಯುತ್ತಿತ್ತಲ್ಲ!

ಹುಡುಗ ಎತ್ತರವಿದ್ದ. ಕರಿ ಕೋಟಿನ ತೋಳು ಮಣಿಕಟ್ಟಿಗಿಂತ ಮೇಲಕ್ಕೇ ನಿಂತಿತ್ತು. ಕೊಟ್ಟ ನೀರನ್ನು ಗಟಗಟ ಕುಡಿದು, ಖಾಲಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಹಿಡಿದು ಕೂತಿದ್ದ. ಗಂಗಾಂಬಿಕೆಗೆ ನಗು ಬಂತು. ನಗುವಿನ ಹಿಂದೆಯೇ ಎದೆಯಲ್ಲಿ ಏನೋ ಢವಢವ ಅಂದಿತು.

ಅವಳು ತಟ್ಟೆ ಹಿಡಿದು ಹೊರಗೆ ಬಂದಾಗ ಅವನು ಎದ್ದು ನಿಂತ. ಹೆಣ್ಣು ನೋಡಲು ಬಂದ ಗಂಡು ಹೆಣ್ಣಿಗಾಗಿ ಎದ್ದು ನಿಂತದ್ದನ್ನು ಅವಳು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

"ಕೇಳೋದೇನಾದ್ರೂ ಇದ್ರೆ ಕೇಳಿ. ಸಂಕೋಚ ಬೇಡ" ಎಂದರು ನಂಜಯ್ಯನವರು, ಮಗಳ ಕಡೆ ಕಣ್ಣು ಹೊಡೆಯುವುದೊಂದು ಬಾಕಿ.

ಯುವಕ ಗಂಟಲು ಸರಿಮಾಡಿಕೊಂಡ. "ಬ್ರೇಕು ಕಡೇ ಸಲ ಯಾವಾಗ ರಿಪೇರಿ ಮಾಡ್ಸಿದ್ರಿ?"

ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

"ಮುಂದಿನ ದೀಪವೂ ಒಂದು ಒಡೆದಿದೆ ಅಂತ ಕೇಳಿದೆ" ಎಂದು ಅವನು ವಿನಯವಾಗಿಯೇ ಮುಂದುವರಿಸಿದ. ಗಂಗಾಂಬಿಕೆ ತನಗೇ ತಿಳಿಯದಂತೆ ತನ್ನ ಎಡಗಣ್ಣು ಮುಟ್ಟಿ ನೋಡಿಕೊಂಡಳು.

ತಪ್ಪು ಯಾರದೂ ಅಲ್ಲ. ನಂಜಯ್ಯನವರಿಗೆ ಇದ್ದದ್ದು ಒಬ್ಬಳು ಮಗಳು, ಒಂದು ಬಸ್ಸು. ಮಗಳು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಬಸ್ಸು ಕೊಂಡು, ಅದರ ಹಣೆಯ ಮೇಲೆ ನೀಲಿ ಅಕ್ಷರದಲ್ಲಿ ಅವಳ ಹೆಸರನ್ನೇ ಬರೆಸಿದ್ದರು. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಜನ ರಸ್ತೆಬದಿಯಲ್ಲಿ ಮೂಟೆ ಇಟ್ಟುಕೊಂಡು, "ಗಂಗಾಂಬಿಕೆ ಬಂದ್ಲಾ? ಇವತ್ತೂ ಲೇಟಾ?" ಎಂದು ಕೇಳುತ್ತಿದ್ದರು. ಗಂಗಾಂಬಿಕೆ ಹೊಗೆ ಬಿಟ್ಟಳು, ಗಂಗಾಂಬಿಕೆ ಕೆಟ್ಟು ನಿಂತಳು ಎಂಬ ಮಾತೆಲ್ಲ ಅವಳಿಗೆ ಅಭ್ಯಾಸವಾಗಿ ಹೋಗಿತ್ತು. ಹೋದ ತಿಂಗಳು ಕೇಳಿದ ಒಂದು ಮಾತು ಮಾತ್ರ ಅಭ್ಯಾಸವಾಗಿರಲಿಲ್ಲ. ಗಂಗಾಂಬಿಕೆ ದ್ಯಾವಯ್ಯನ ಕಾಲು ಮುರಿದಳು.

"ನನ್ನ ಹೆಸರು ಪರಮಶಿವಯ್ಯ. ದ್ಯಾವಯ್ಯನ ಹೆಂಡ್ತಿ ಮಲ್ಲಿಗಮ್ಮ ನನ್ನ ಹತ್ರ ಬಂದಿದ್ರು. ಕೇಸು ಹಾಕೋಕೆ ಮುಂಚೆ ಬಸ್ಸು ಒಂದ್ಸಲ ನೋಡೋಣ ಅಂತ" ಎಂದ ಯುವಕ. ಅಷ್ಟರಲ್ಲಿ ಅವನಿಗೂ ರೇಷ್ಮೆ ಸೀರೆ, ಮುಡಿದ ಮಲ್ಲಿಗೆ, ತುಪ್ಪದ ಉಪ್ಪಿಟ್ಟು ಎಲ್ಲ ಅರ್ಥವಾಗಿ ಕಿವಿ ಕೆಂಪಾಗಿತ್ತು.

ನಂಜಯ್ಯನವರ ಮುಖ ಗಂಟಿಕ್ಕಿತು. "ಆ ಯವಾರ ಮುಗ್ದಿದೆ ಸ್ವಾಮಿ. ನಾನೇ ಅವನ ಊರಿಗೆ ಹೋಗಿ ವೀಳ್ಯ ಕೊಟ್ಟು ಬಂದಿದೀನಿ. ಅವನು ತಗೊಂಡಿದಾನೆ. ವೀಳ್ಯ ಆದ್ಮೇಲೆ ಕೋರ್ಟು ಯಾವ್ದು?"

ಆ ಸೀಮೆಯ ಕಟ್ಟಳೆ ಅದು. ಒಬ್ಬರಿಂದ ಇನ್ನೊಬ್ಬರಿಗೆ ನೋವಾದರೆ, ನೋವು ಮಾಡಿದವರು ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಹೊಸ ಪಂಚೆ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ನೊಂದವರು ತೆಗೆದುಕೊಂಡರೆ ಜಗಳ ಅಲ್ಲಿಗೆ ತೀರಿತು. ಆಮೇಲೆ ಬಾಯಿ ತೆರೆದವನು ಮಾತಿಗೆ ತಪ್ಪಿದವನು.

"ವೀಳ್ಯದಿಂದ ಕಾಲು ಬರುತ್ತಾ ಸಾರ್?" ಎಂದ ಪರಮಶಿವಯ್ಯ ಮೆಲ್ಲಗೆ.

"ಕೋರ್ಟಿಂದ ಬರುತ್ತಾ? ಬಸ್ಸಿನ ಪರ್ಮಿಟ್ಟು ಹೋಗುತ್ತೆ, ಅಷ್ಟೇ." ಸಿಟ್ಟಿನಲ್ಲೂ ನಂಜಯ್ಯನವರು ತಟ್ಟೆಯನ್ನು ಅವನ ಕಡೆ ತಳ್ಳಿದರು. "ತಿಂಡಿ ತಿನ್ನಿ ಮೊದ್ಲು. ನಮ್ಮನೆ ಬಾಗಿಲಿಗೆ ಬಂದೋರು ಹಸ್ಕೊಂಡು ಹೋಗಬಾರ್ದು. ತಿಂದ್ಮೇಲೆ ಬೇಕಾದ್ರೆ ಕೇಸು ಹಾಕ್ಕೊಳ್ಳಿ."

ಅವನು ತಿಂದ. ಎರಡು ಸಲ ಹಾಕಿಸಿಕೊಂಡು ತಿಂದ.

ಹೊರಡುವಾಗ ಗಂಗಾಂಬಿಕೆ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. "ಕ್ಷಮಿಸಿ. ನಾನು ನೋಡೋಕೆ ಬಂದಿದ್ದು ಬಸ್ಸನ್ನ" ಎಂದ.

"ನೋಡಿದ್ದಾಯ್ತಲ್ಲ. ಒಪ್ಪಿಗೆಯಾ?"

"ಬಸ್ಸು ಇನ್ನೂ ನೋಡಿಲ್ಲ" ಎಂದುಬಿಟ್ಟು, ಆಡಿದ ಮಾತು ತನಗೇ ಕೇಳಿಸಿದ ಮೇಲೆ ಗೇಟಿಗೆ ಮೊಣಕೈ ತಗುಲಿಸಿಕೊಂಡು ಓಡಿದ.

ಅಸಲಿ ಗಂಡು ಸಂಜೆಗೆ ಬಂದ. ಅವನು ಹುಡುಗಿಯನ್ನು ಒಂದು ಸಲ ನೋಡಿ, ಷೆಡ್ಡಿನಲ್ಲಿದ್ದ ಬಸ್ಸನ್ನು ಮೂರು ಸುತ್ತು ಬಂದು ನೋಡಿದ. ಟೈರು ಒದ್ದ. ಅದರ ಮೇಲೆ ಕೇಸು ಬರಬಹುದಂತೆ ಎಂದು ಕಿವಿಗೆ ಬಿದ್ದ ಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲವಾಯಿತು. ನೀಲಾಂಬಿಕೆಯವರು ಎರಡು ದಿನ ಕೊರಗಿದರು. ಮಗಳು ಮಾತ್ರ ಅವತ್ತೇ ಎರಡು ತಟ್ಟೆ ಉಪ್ಪಿಟ್ಟು ತಿಂದಿದ್ದಳು.

*

ಗಂಗಾಂಬಿಕೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ ಆಗಿದ್ದಳು. ಸ್ಕೂಲಿನ ಎದುರಿಗೆ ಗುಂಡಯ್ಯನ ಹೋಟೆಲು. ಕೋರ್ಟಿಗೆ ಬಂದ ಲಾಯರುಗಳೆಲ್ಲ ಒಳಗೆ ಫ್ಯಾನಿನ ಕೆಳಗೆ ಕೂತರೆ, ಹಾಸನದ ಹೊಸ ಲಾಯರು ಮಾತ್ರ ಬಿಸಿಲು ಬೀಳುವ ಬಾಗಿಲ ಪಕ್ಕದ ಮೇಜನ್ನೇ ಹಿಡಿಯತೊಡಗಿದ. ಅಲ್ಲಿಂದ ಐದನೇ ಕ್ಲಾಸಿನ ಕಿಟಕಿ ನೇರವಾಗಿ ಕಾಣುತ್ತಿತ್ತು.

"ಒಳಕ್ಕೆ ಬನ್ನಿ ಸಾ, ಬಿಸ್ಲು" ಎನ್ನುತ್ತಿದ್ದ ಗುಂಡಯ್ಯ.

"ಇಲ್ಲೇ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದ ಪರಮಶಿವಯ್ಯ, ಹಣೆಯ ಬೆವರು ಒರೆಸಿಕೊಳ್ಳುತ್ತ.

ಅವಳು ಬೋರ್ಡಿನ ಮೇಲೆ ಬರೆಯುತ್ತ ಅರ್ಧಕ್ಕೆ ತಿರುಗಿದರೆ ಅವನು ಪೇಪರು ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದ. ಒಮ್ಮೆ ಪೇಪರು ತಲೆಕೆಳಗಾಗಿತ್ತು. ಅವಳು ಸೀಮೆಸುಣ್ಣ ಹಿಡಿದ ಕೈಯನ್ನೇ ತಿರುಗಿಸಿ, ನೆಟ್ಟಗೆ ಮಾಡಿಕೊಳ್ಳಿ ಎಂದು ಸನ್ನೆ ಮಾಡಿದಳು. ಅವನು ನಕ್ಕಾಗ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಏರಿಕೊಂಡದ್ದು ರಸ್ತೆಯ ಈಚೆಗೂ ಕಂಡಿತು. ಆ ದಿನ ಮಕ್ಕಳಿಗೆ ಲೆಕ್ಕ ತಪ್ಪು ಹೇಳಿಕೊಟ್ಟಳು.

ಮಧ್ಯಾಹ್ನದ ಬೆಲ್ಲಿಗೆ ಅವನು ಬೇಲಿಯ ಹತ್ತಿರ ಬಂದು ಟೈಮೆಷ್ಟು ಎಂದು ಕೇಳುತ್ತಿದ್ದ. ಕೈಯಲ್ಲಿ ವಾಚಿತ್ತು.

"ಯಾಕ್ರೀ ನಿಮಗೆ ಈ ಕೈ ಮುರಿದೋರು ಕಾಲು ಮುರಿದೋರ ಸಹವಾಸ?" ಎಂದು ಅವಳು ಕೇಳಿದಳು. "ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ ಇರೋ ಮನೆ ಮಗ. ಜಮೀನು ಕೇಸು ನಡೆಸ್ಕೊಂಡು ಹಾಯಾಗಿರಬಾರ್ದಾ?"

"ಜಮೀನು ಕೇಸಲ್ಲಿ ಎರಡು ಕಡೇನೂ ಸುಳ್ಳು ಹೇಳ್ತಾರೆ. ಇಲ್ಲಿ ಮುರಿದ ಕಾಲಾದ್ರೂ ನಿಜ ಹೇಳುತ್ತೆ."

"ತಮಾಷೆ ಬೇಡ."

"ನನ್ನ ಕಕ್ಷಿಗಾರರು ನನ್ನ ಬಿಟ್ಟು ಬೇರೆ ಲಾಯರ ಹತ್ರ ಓಡಿಹೋಗೋಕಾಗಲ್ಲ, ಅದಕ್ಕೆ."

ಅವಳು ಮುಖ ತಿರುಗಿಸಿಕೊಂಡಳು. ನಗು ಬಂದದ್ದು ಅವನಿಗೆ ಕಾಣಬಾರದಿತ್ತು. ಆದರೆ ಒಳಗೊಳಗೇ ಒಂದು ಮುಳ್ಳು ಕೂತಿತ್ತು. ಇವನಿಗೆ ಅಪ್ಪನಂಥವರ ಮೇಲೆ, ಬಸ್ಸು ಮಿಲ್ಲು ಇಟ್ಟವರ ಮೇಲೆ ಹಗೆಯಿರಬಹುದೇ? ಕಿಟಕಿಯ ಕಡೆ ಬರುವ ಆ ನೋಟವೂ ಕೇಸಿನದೇ ಒಂದು ಭಾಗವೇ?

ಶುಕ್ರವಾರ ಅವನು ಟೈಮು ಕೇಳಲಿಲ್ಲ. ಮುಖ ಸಪ್ಪಗಿತ್ತು.

"ದ್ಯಾವಯ್ಯ ಸಹಿ ಹಾಕಲ್ಲ ಅಂತಾನೆ. ವೀಳ್ಯ ತಗೊಂಡಿದೀನಿ, ಮಾತಿಗೆ ತಪ್ಪಲ್ಲ ಅಂತಾನೆ. ಸೋಮವಾರ ದಾಟಿದ್ರೆ ಕೇಸು ಹಾಕೋ ಗಡುವೇ ಮುಗೀತು. ಪರಿಹಾರ ಕೊಡೋದು ಇನ್ಶೂರೆನ್ಸಿನವರು, ನಿಮ್ಮಪ್ಪನ ಮನೆ ಮುಳುಗಲ್ಲ ಅಂತಲೂ ಹೇಳಿದೆ. ಕೇಳೋದಿಲ್ಲ."

"ನನ್ನ ಹತ್ರ ಯಾಕೆ ಹೇಳ್ತೀರಿ? ನಾನು ಎದುರು ಪಾರ್ಟಿ ಮಗಳು."

"ಬೇರೆ ಯಾರ ಹತ್ರಾನೂ ಹೇಳಬೇಕು ಅನ್ನಿಸಲಿಲ್ಲ" ಎಂದ ಅವನು. ಈ ಸಲ ತಮಾಷೆ ಇರಲಿಲ್ಲ.

*

ಭಾನುವಾರ ಗಂಗಾಂಬಿಕೆ ತನ್ನ ಹೆಸರಿನ ಬಸ್ಸನ್ನೇ ಹತ್ತಿದಳು. ಮನೆಯಲ್ಲಿ ಹೇಳಿದ್ದು, ಹಳೇಕೋಟೆಯಲ್ಲಿರುವ ಗೆಳತಿಯ ಮಗುವನ್ನು ನೋಡಿ ಬರುತ್ತೇನೆ ಎಂದು. ತಾನು ಕಾಣದ ಒಬ್ಬ ಮನುಷ್ಯನ ಕಾಲನ್ನು ತನ್ನ ಹೆಸರು ಮುರಿದಿದೆ. ಅವನ ಮುಖವನ್ನಾದರೂ ನೋಡಬೇಕು ಅನ್ನಿಸಿತ್ತು.

ಎರಡನೇ ಸ್ಟಾಪಿನಲ್ಲಿ ಕರಿ ಕೋಟೊಂದು ಹತ್ತಿತು. ಅವಳನ್ನು ಕಂಡು ಮೆಟ್ಟಿಲಲ್ಲೇ ಎಡವಿತು. ಕಂಡಕ್ಟರು ಯಜಮಾನರ ಮಗಳನ್ನು ಕಣ್ಣಿನ ರೆಪ್ಪೆಯಂತೆ ಕಾಯುತ್ತಿದ್ದವನು. ಲಾಯರನ್ನು ಹಿಂದಿನ ಸೀಟಿಗೆ ಅಟ್ಟಿದ.

ಮಾತಾಡುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ. ಆದರೆ ಡ್ರೈವರ ತಲೆಯ ಮೇಲೊಂದು ಕನ್ನಡಿಯಿತ್ತು. ಗಂಗಾಂಬಿಕೆ ತಲೆ ಎತ್ತಿದಾಗ ಅದರ ಮೂಲೆಯಲ್ಲಿ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳು ಹುಬ್ಬೇರಿಸಿದಳು. ಕಣ್ಣುಗಳು ನಕ್ಕವು. ಬಸ್ಸು ಗುಂಡಿಗೆ ಬಿದ್ದು ಎಲ್ಲರೂ ಹಾರಿ ಕೂತರು, ಕನ್ನಡಿ ಅಲ್ಲಾಡಿ ಕಣ್ಣುಗಳು ಮಾಯವಾದವು. ಮತ್ತೆ ಬರುವವರೆಗೂ ಅವಳು ಉಸಿರು ಹಿಡಿದಿದ್ದಳು. ರಸ್ತೆ ಇನ್ನಷ್ಟು ಉದ್ದ ಇರಬಾರದಿತ್ತೇ ಎಂದು ಆ ಬಸ್ಸಿನಲ್ಲಿ ಆವರೆಗೆ ಯಾರೂ ಬಯಸಿರಲಾರರು.

ಇಳಿದ ಮೇಲೆ ರಾಗಿ ಹೊಲಗಳ ನಡುವೆ ದ್ಯಾವಯ್ಯನ ಊರಿಗೆ ಗಾಡಿದಾರಿ. ಇಬ್ಬರ ನಡುವೆ ಒಂದು ಗಾಡಿ ಹೋಗುವಷ್ಟು ಅಂತರವಿಟ್ಟುಕೊಂಡು ನಡೆದರು.

"ಈಗ ಹೇಳಿ. ತಮಾಷೆ ಇಲ್ಲದೆ. ಯಾಕೆ ಈ ಕೆಲಸ?" ಎಂದಳು.

ಅವನು ದಾರಿಯ ಕಲ್ಲೊಂದನ್ನು ಕಾಲಿನಿಂದ ಬದಿಗೆ ಸರಿಸಿದ.

"ನಮ್ಮ ಅಂಗಡಿಗೆ ಬಟ್ಟೆ ಪಿಂಡಿ ಬರ್ತಿತ್ತು, ಗಾಡೀಲಿ. ಇಳಿಸೋನು ಬೈರಯ್ಯ ಅಂತ. ನಾನು ಹೈಸ್ಕೂಲಲ್ಲಿದ್ದೆ. ಒಂದು ದಿನ ಹಗ್ಗ ಕಿತ್ತು ಪಿಂಡಿ ಅವನ ಸೊಂಟದ ಮೇಲೆ ಬಿತ್ತು. ಹಳೇ ಹಗ್ಗ. ಬದಲಾಯಿಸಿ ಬುದ್ಧಿ ಅಂತ ಅವನೇ ಎಷ್ಟೋ ಸಲ ಹೇಳಿದ್ದ. ಅಪ್ಪ ಕೆಟ್ಟವರಲ್ಲ. ಮಾರನೇ ದಿನವೇ ವೀಳ್ಯ ಕೊಟ್ರು. ಬೈರಯ್ಯ ತಗೊಂಡ. ಎಲ್ಲ ಮುಗೀತು."

"ಆಮೇಲೆ?"

"ಆಮೇಲೆ ಅವನು ನಮ್ಮ ಅಂಗಡಿ ಎದುರು ಗೋಣಿ ಹಾಸ್ಕೊಂಡು ಕೂರೋಕೆ ಶುರು ಮಾಡಿದ. ಏಳೋಕಾಗ್ತಿರಲಿಲ್ಲ. ದಿನಾ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಅಪ್ಪನಿಗೆ ಕೈ ಮುಗೀತಿದ್ದ. ನನಗೂ ಮುಗೀತಿದ್ದ, ನಗ್ತಾ. ಬೈದಿದ್ರೆ ತಡ್ಕೋತಿದ್ದೆ ಗಂಗಾಂಬಿಕೆ. ಆ ನಮಸ್ಕಾರ ತಡ್ಕೊಳ್ಳೋಕಾಗಲಿಲ್ಲ. ಹಿಂದಿನ ಬಾಗಿಲಿಂದ ಸ್ಕೂಲಿಗೆ ಹೋಗ್ತಿದ್ದೆ. ಕಾನೂನು ಓದಿ ಬರೋ ಹೊತ್ತಿಗೆ ಗೋಣಿ ಖಾಲಿಯಾಗಿತ್ತು."

ಗಂಗಾಂಬಿಕೆಯ ಎದೆಯ ಮುಳ್ಳು ಅಲ್ಲೇ ಕಳಚಿ ಬಿತ್ತು. ಇವನು ಹಗೆ ಹೊತ್ತು ಬಂದವನಲ್ಲ. ಇವನೂ ತನ್ನ ಹಾಗೆಯೇ, ನೋವು ಮಾಡಿದ ಮನೆಯಲ್ಲಿ ಹುಟ್ಟಿದವನು. ಅವಳಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಗಾಡಿಯಗಲದ ಅಂತರ ಮಾತ್ರ ಎಲ್ಲೋ ಸವೆದು ಹೋಗಿತ್ತು.

*

ದ್ಯಾವಯ್ಯ ಮನೆಯ ಮುಂದೆ ಗೋಡೆಗೆ ಒರಗಿ ಕೂತಿದ್ದ. ಮೊಣಕಾಲಿನ ಕೆಳಗೆ ಕಾಲು ಒಣಗಿದ ಕೊಂಬೆಯಂತೆ ತಿರುಗಿಕೊಂಡಿತ್ತು. ನಂಜಯ್ಯನವರ ಮಗಳೆಂದು ತಿಳಿದೊಡನೆ ಏಳಲು ಹೋದ.

"ಕೂತ್ಕೊಳ್ಳಿ ದ್ಯಾವಣ್ಣ, ದಮ್ಮಯ್ಯ" ಎಂದಳು ಗಂಗಾಂಬಿಕೆ. ಕಣ್ಣು ತುಂಬಿಬಂತು. "ನನ್ನ ಹೆಸರಿನ ಬಸ್ಸು..."

"ನೀನೇನ್ಮಾಡೀಯೇ ಮಗ. ಬಸ್ಗೆ ಕಣ್ಣದಾ? ನನ್ ಅಣೆಬರ." ಆಮೇಲೆ ಲಾಯರ ಕಡೆ ತಿರುಗಿದ. "ಸಾ, ಮತ್ಯಾಕ್ ಬಂದ್ರಿ? ಆಗಾಕಿಲ್ಲ ಅಂದ್ನಲ್ಲ. ವೀಳ್ಯ ತಕ್ಕಂಡಿವ್ನಿ. ಬಡವ್ರತಾವ ಇರಾದು ಮಾತೊಂದೇ. ಅದ್ನೂ ಕಳ್ಕಂಡ್ರೆ ಇನ್ನೇನೈತೆ?"

ಪರಮಶಿವಯ್ಯ ತಂದಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟ. ಹೊಲದ ಕಡೆಯಿಂದ ಯಾರೋ ಎತ್ತನ್ನು ಗದರಿಸುತ್ತಿದ್ದರು. ಸೋಮವಾರ ಎಂದರೆ ನಾಳೆ.

ಅಷ್ಟರಲ್ಲಿ ಮಲ್ಲಿಗಮ್ಮ ಒಳಗಿಂದ ಎರಡು ಎಲೆ, ಒಂದು ಬಾಳೆಹಣ್ಣು ತಂದಳು. "ಮದ್ವೆಯಾಗಾ ಮಗ, ಬರಿಗೈಲಿ ಕಳ್ಸಾಕಾದಾತಾ" ಎನ್ನುತ್ತ ಅದನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿದು ನಿಂತಳು.

"ಅಲ್ಲಿ ಯಾಕೆ ಇಟ್ರಿ? ಕೈಗೆ ಕೊಡಿ" ಎಂದು ಗಂಗಾಂಬಿಕೆ ಕೈ ಚಾಚಿದಳು.

"ಅಯ್ಯೋ ಬ್ಯಾಡ ಕಣವ್ವ. ನಾವ್ ಮಡಗಾದು, ನೀವ್ ತಕ್ಕಳಾದು. ನೀವ್ ಮಡಗಾದು, ನಾವ್ ತಕ್ಕಳಾದು. ನಡ್ಕಂಡ್ ಬಂದದ್ದು ಅಂಗೇ. ನಿಮ್ಮಪ್ಪಾರೂ ಅವತ್ತು ಅಂಗೇ ತಾನೆ ಮಾಡಿದ್ದು."

ಗಂಗಾಂಬಿಕೆಯ ಕೈ ಗಾಳಿಯಲ್ಲೇ ನಿಂತಿತು. "ಏನು? ಅಪ್ಪಾಜಿ ಆ ವೀಳ್ಯ ನಿಮ್ಮ ಕೈಗೆ ಕೊಡಲಿಲ್ವಾ?"

ದ್ಯಾವಯ್ಯ ನಕ್ಕ. "ನಮ್ ಕೈಗೆ ಯಾರವ್ವ ಕೊಟ್ಟಾರು? ಜಗ್ಲಿ ಮ್ಯಾಲೆ ತಟ್ಟೆ ಮಡಗಿ, ಆ ಉಣಸೆ ಮರದತಾವ ನಿಂತ್ಕಂಡ್ರು. ನಾನು ತೆವ್ಳಕಂಡ್ ಓಗಿ ಎತ್ಕಂಡೆ."

ಅವಳು ಪರಮಶಿವಯ್ಯನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆದಿತ್ತು.

"ದ್ಯಾವಣ್ಣ" ಎಂದಳು ಗಂಗಾಂಬಿಕೆ. "ನಿಮ್ಮಲ್ಲಿ ಹೆಣ್ಣು ಕೊಡೋ ವೀಳ್ಯ ನೆಲದ ಮೇಲಿಟ್ಟು ಹೋದ್ರೆ ಮದುವೆ ಗೊತ್ತಾದ ಹಾಗಾ?"

"ಎಲ್ಲಾರಾ ಉಂಟಾ! ಕೈಯಿಂದ ಕೈಗೆ ಬಂದ್ರೆ ತಾನೆ ವೀಳ್ಯ."

"ಹಾಗಾದ್ರೆ ನಮ್ಮಪ್ಪಾಜಿ ನಿಮಗೆ ವೀಳ್ಯ ಕೊಟ್ಟೇ ಇಲ್ಲ. ನೀವು ಮಾತೂ ಕೊಟ್ಟಿಲ್ಲ. ಆ ಮನೆ ಮಗಳು ನಾನು ಹೇಳ್ತಿದೀನಿ."

ದ್ಯಾವಯ್ಯ ತನ್ನ ಬರಿ ಅಂಗೈಯನ್ನೇ ನೋಡಿಕೊಂಡ. ಹೆಂಡತಿಯ ಮುಖ ನೋಡಿದ. "ಊ ಕಣ್ಮಿ" ಎಂದ ಕಡೆಗೆ. "ಮಾತು ನನ್ತಾವೇ ಐತೆ." ಹೆಬ್ಬೆಟ್ಟು ಮುಂದೆ ಚಾಚಿದ. ಪರಮಶಿವಯ್ಯ ಅದಕ್ಕೆ ಮಸಿ ಹಚ್ಚಿ ಕಾಗದ ಹಿಡಿದ.

ಗಂಗಾಂಬಿಕೆ ಮಲ್ಲಿಗಮ್ಮನ ಎದುರು ಎರಡೂ ಕೈ ಒಡ್ಡಿ ನಿಂತಳು. ಮಲ್ಲಿಗಮ್ಮ ಅಳುಕುತ್ತ ಅಳುಕುತ್ತ ಎಲೆ, ಹಣ್ಣನ್ನು ಅವಳ ಕೈಗೇ ಇಟ್ಟಳು.

ವಾಪಸು ಬರುವ ದಾರಿಯಲ್ಲಿ ಗಾಡಿಯಗಲದ ಅಂತರ ಇರಲಿಲ್ಲ. "ಗುಂಡಯ್ಯನ ಹೋಟ್ಲಲ್ಲಿ ಗಾಳಿಯೇ ಬರಲ್ಲ" ಎಂದ ಅವನು ಇದ್ದಕ್ಕಿದ್ದಂತೆ.

"ಗೊತ್ತು."

"ಕಿಟಕಿಗೋಸ್ಕರ ಕೂರ್ತೀನಿ."

"ಅದೂ ಗೊತ್ತು" ಎಂದಳು ಅವಳು, ಬೇಲಿಯ ಎಲೆಯೊಂದನ್ನು ಸುಮ್ಮಸುಮ್ಮನೆ ಕಿತ್ತು. "ಆದ್ರೂ ಹೇಳಿ. ಕೇಳೋಕೆ ಚೆನ್ನಾಗಿದೆ."

*

ಅವತ್ತು ರಾತ್ರಿಯೂಟದ ಮುಂಚೆಯೇ ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಹಳೇಕೋಟೆಯ ಗೆಳತಿಯ ಸುಳ್ಳೂ ಸೇರಿ. ನಂಜಯ್ಯನವರು ಮಠದಲ್ಲಿ ಶರಣರ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು. ಮಗಳ ಎದುರು ಬರಿ ಸಿಟ್ಟು ಹೊರಟಿತು.

"ನಿನ್ನ ಹೆಸರಿನ ಬಸ್ಸು ನಿಂತ್ರೆ ನಿಂಗೆ ಸಂತೋಷವಾ?"

"ನನ್ನ ಹೆಸರು ಇರೋದಕ್ಕೇ ಹೇಳ್ತಿದೀನಿ ಅಪ್ಪಾಜಿ."

"ಆ ಲಾಯರ ಜೊತೆ ಇನ್ನೊಂದು ಮಾತಾಡಿದ್ರೆ ಸ್ಕೂಲಿಗೇ ಕಳ್ಸಲ್ಲ."

ಐದನೇ ಕ್ಲಾಸಿನ ಕಿಟಕಿ ಮುಚ್ಚಿತು. ಮಳೆಗಾಲ ಬಂತು, ಹೋಯಿತು. ಪರಮಶಿವಯ್ಯ ಬೇಲಿಯ ಹತ್ತಿರ ಸುಳಿಯಲಿಲ್ಲ. ಆದರೆ ಅವನು ಊರಿಗೆ ಬಂದ ದಿನವೆಲ್ಲ ಗುಂಡಯ್ಯನ ಹೋಟೆಲಿನ ಕಂಬಕ್ಕೆ ಒಂದು ಕರಿ ಛತ್ರಿ ನೇತಾಡುತ್ತಿತ್ತು. ಮಳೆ ಇಲ್ಲದ ದಿನವೂ. ಅವಳು ಸ್ಕೂಲಿನಿಂದ ಹೊರಟು ಆ ಛತ್ರಿಯನ್ನು ದಾಟಿ ನಡೆಯುವಾಗ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಪ್ರೀತಿ ಎಂದರೆ ಇಷ್ಟು ಹುಚ್ಚು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಹಾಸನದ ಕೋರ್ಟಿನಲ್ಲಿ ಕೇಸು ವಿಚಾರಣೆಗೆ ಬಂತು. ನಂಜಯ್ಯನವರ ಕಡೆಯ ಲಾಯರು ವೀಳ್ಯವನ್ನೇ ಹಿಡಿದುಕೊಂಡರು. ರಾಜಿ ಆಗಿದೆ, ಇನ್ನು ಕೇಳುವ ಹಕ್ಕಿಲ್ಲ ಎಂದರು. ದ್ಯಾವಯ್ಯ ಜಗಲಿಯ ವಿಷಯ ಹೇಳಿದ. ಬಡವನ ಮಾತು ಒಂದು ಕಡೆ, ಊರಿನ ಯಜಮಾನರ ಮಾತು ಒಂದು ಕಡೆ. ಗಂಗಾಂಬಿಕೆ ಗುಂಡಯ್ಯನ ಕೈಲಿ ಹೇಳಿ ಕಳಿಸಿದಳು, ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದು. ಗುಂಡಯ್ಯ ತಂದ ಉತ್ತರ ಚಿಕ್ಕದು. "ಬ್ಯಾಡ ಅಂದ್ರು ಕಣಮ್ಮ. ಮಗಳ್ನ ಅಪ್ಪನ್ ಎದ್ರು ನಿಲ್ಸಿ ಗೆಲ್ಲಾ ಕೇಸು ನಂಗೆ ಬ್ಯಾಡ ಅಂದ್ರು."

ಅವಳು ಅವತ್ತು ಅಳಲೂ ಆಗದೆ ನಗಲೂ ಆಗದೆ ಸ್ಟಾಫ್‌ ರೂಮಿನಲ್ಲಿ ಕೂತಿದ್ದಳು. ದ್ಯಾವಯ್ಯ ಸೋತರೆ, ಇನ್ನೊಬ್ಬ ಬೈರಯ್ಯ ಪರಮಶಿವಯ್ಯನ ಕಣ್ಣೆದುರು ಗೋಣಿ ಹಾಸುತ್ತಾನೆ. ಅದು ಗೊತ್ತಿದ್ದೂ ಬೇಡ ಅಂದಿದ್ದ.

ನಂಜಯ್ಯನವರು ಸಾಕ್ಷಿ ಹೇಳುವ ದಿನ ಹೆಂಡತಿ, ಮಗಳು ಇಬ್ಬರೂ ಜೊತೆಗೆ ಹೋದರು. ಕೋರ್ಟಿನ ಜಗಲಿಯಲ್ಲಿ ಅವರ ಲಾಯರು ನಗುತ್ತ ಹೇಳಿದರು. "ಆ ಹುಡುಗ ಶುದ್ಧ ದಡ್ಡ. ನಿಮ್ಮ ಮಗಳನ್ನ ಸಾಕ್ಷಿಗೆ ಕರೆದಿದ್ರೆ ನಮ್ಮ ಕಥೆ ಮುಗೀತಿತ್ತು. ಅವರೇ ಬರ್ತೀನಿ ಅಂದ್ರೂ ಕರೀಲಿಲ್ಲವಂತೆ. ನೀವು ಕೈಗೆ ಕೊಟ್ಟೆ ಅಂದ್ಬಿಡಿ, ಸಾಕು."

ನಂಜಯ್ಯನವರು ಮಗಳ ಕಡೆ ತಿರುಗಿದರು. ಅವರ ವಲ್ಲಿ ಹೆಗಲಿನಿಂದ ಜಾರಿತ್ತು, ಅವಳು ಸರಿಮಾಡಿದಳು.

ಒಳಗೆ ಪರಮಶಿವಯ್ಯ ಎದ್ದು ನಿಂತ. ಬ್ರೇಕಿನ ಬಗ್ಗೆ ಕೇಳಲಿಲ್ಲ. "ಸಾರ್, ವೀಳ್ಯದ ತಟ್ಟೆ ದ್ಯಾವಯ್ಯನಿಗೆ ಹೇಗೆ ಕೊಟ್ರಿ? ಅಷ್ಟೇ ನನ್ನ ಪ್ರಶ್ನೆ."

ಗಂಗಾಂಬಿಕೆ ಅಮ್ಮನ ಕೈ ಹಿಡಿದುಕೊಂಡಳು. ನಂಜಯ್ಯನವರು ಕಟಕಟೆಯ ಮರವನ್ನು ಹಿಡಿದು ನಿಂತರು. ಮೂಲೆಯಲ್ಲಿ ಕೂತ ದ್ಯಾವಯ್ಯ ಅಭ್ಯಾಸಬಲದಿಂದ ಅವರಿಗೆ ಕೈ ಮುಗಿದ. ಆ ಕೈ ಮುಗಿದದ್ದನ್ನು ಅವರು ನೋಡಿದರು.

"ಕೈಗೆ ಕೊಡಲಿಲ್ಲ ಸ್ವಾಮಿ" ಎಂದರು. "ನೆಲದ ಮೇಲಿಟ್ಟೆ. ಅವನು ತೆವಳಿಕೊಂಡು ಬಂದು ಎತ್ಕೊಂಡ. ನಾನು ನೋಡ್ತಾ ನಿಂತಿದ್ದೆ. ಅದು ವೀಳ್ಯ ಅಲ್ಲ. ಬ್ರೇಕು ಸರಿಯಿಲ್ಲ ಅಂತ ಡ್ರೈವರು ಹೇಳಿದ್ದೂ ನಿಜ."

ಪರಮಶಿವಯ್ಯ ಅವರಿಗೆ ತಲೆಬಾಗಿ ಕೂತುಬಿಟ್ಟ.

ದ್ಯಾವಯ್ಯ ಗೆದ್ದ. ಹೊರಗೆ ಬಂದಾಗ ಪರಮಶಿವಯ್ಯ ತಲೆ ತಗ್ಗಿಸಿ ದಾರಿ ಬಿಟ್ಟು ನಿಂತಿದ್ದ, ಬೈಸಿಕೊಳ್ಳಲು ತಯಾರಾದ ಸ್ಕೂಲು ಹುಡುಗನ ಹಾಗೆ. ನಂಜಯ್ಯನವರು ಅವನ ಎದುರು ನಿಂತರು.

"ಇನ್ಮೇಲೆ ನಮ್ಮನೆಗೆ ಬರೋದಾದ್ರೆ ಯಾವ ಗಂಗಾಂಬಿಕೆಯನ್ನ ನೋಡೋಕೆ ಅಂತ ಬಾಗಿಲಲ್ಲೇ ಹೇಳ್ಬಿಡಿ. ಪದೇ ಪದೇ ಉಪ್ಪಿಟ್ಟು ದಂಡ ಮಾಡೋಕಾಗಲ್ಲ."

ಗಂಗಾಂಬಿಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಂಬದ ಹಿಂದೆ ಸರಿದಳು. ಎದೆ ಬಸ್ಸಿನ ಇಂಜಿನ್ನಿನಂತೆ ಹೊಡೆದುಕೊಳ್ಳುತ್ತಿತ್ತು.

*

ವೀಳ್ಯಶಾಸ್ತ್ರ ಕಾರ್ತಿಕದಲ್ಲಾಯಿತು. ಚನ್ನರಾಯಪಟ್ಟಣದಿಂದ ಪರಮಶಿವಯ್ಯನ ತಾಯಿ ನಂಜಮ್ಮನವರು ಬಂದಿದ್ದರು. ಹೊಸ ಬ್ರೇಕು ಹಾಕಿಸಿಕೊಂಡ ಬಸ್ಸಿನಲ್ಲಿ ದ್ಯಾವಯ್ಯ, ಮಲ್ಲಿಗಮ್ಮ ಬಂದಿದ್ದರು. ನಂಜಯ್ಯನವರು ಅವರನ್ನು ನಡುಮನೆಯಲ್ಲೇ ಕೂರಿಸಿದಾಗ ಇಬ್ಬರು ನೆಂಟರು ಎದ್ದು ಹೊರಗೆ ಹೋದರು. "ಹೋಗೋರು ಊಟದ ಹೊತ್ತಿಗೆ ಬರ್ತಾರೆ ಬಿಡಿ" ಎಂದರು ನೀಲಾಂಬಿಕೆಯವರು. ಬಂದರು ಕೂಡ.

ಮೊದಲ ತಟ್ಟೆಯನ್ನು ನಂಜಯ್ಯನವರು ದ್ಯಾವಯ್ಯನ ಎದುರು ಹಿಡಿದರು. ಎಲೆ, ಅಡಿಕೆ, ಕಾಯಿ, ಹೊಸ ಪಂಚೆ. ಬಗ್ಗಿ ಅವನ ಎರಡೂ ಕೈ ಹಿಡಿದು, ಕೈಯೊಳಗೇ ಇಟ್ಟರು. "ತಡವಾಯ್ತಪ್ಪ" ಎಂದರು. ದ್ಯಾವಯ್ಯನ ಊರುಗೋಲು ಜಾರಿ ಬಿತ್ತು. ಅದನ್ನು ಎತ್ತಿಕೊಟ್ಟವರೂ ಅವರೇ.

ಆಮೇಲೆ ಅಳಿಯನಾಗುವವನ ಸರದಿ. ಕಣ್ಣು ಮಂಜಾಗಿದ್ದ ನಂಜಯ್ಯನವರು ಗಡಿಬಿಡಿಯಲ್ಲಿ ತಟ್ಟೆಯನ್ನು ಪರಮಶಿವಯ್ಯನ ಮುಂದೆ ಚಾಪೆಯ ಮೇಲಿಟ್ಟುಬಿಟ್ಟರು. ಎಲ್ಲರೂ "ತಗೊಳ್ಳಿ ತಗೊಳ್ಳಿ" ಎಂದರು.

"ತಡೀರಿ ಸಾ, ಮುಟ್ಬ್ಯಾಡಿ!" ದ್ಯಾವಯ್ಯನ ದನಿ ಮನೆ ತುಂಬ ಮೊಳಗಿತು. "ಕೈಗ್ ಕೊಡ್ಸ್ಕಳಿ. ಇಲ್ದಿದ್ರೆ ನಾಳೀಕೆ ಕ್ವಾರ್ಟಲ್ಲಿ ನಿಲ್ಲಾಕಿಲ್ಲ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಂಜಯ್ಯನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ತಟ್ಟೆ ಎತ್ತಿ ಮಗಳನ್ನು ಕರೆದರು. "ನೀನೇ ಕೊಡಮ್ಮ. ಈ ಕೇಸು ನಿನ್ನ ಮೇಲೇ ತಾನೆ ಶುರುವಾಗಿದ್ದು."

ಗಂಗಾಂಬಿಕೆ ಅದೇ ಹಸಿರು ಸೀರೆಯಲ್ಲಿ ಬಂದಳು. ಅವನು ಎದ್ದು ನಿಂತ, ಅವತ್ತಿನ ಹಾಗೆಯೇ. ತಟ್ಟೆಯ ಕೆಳಗೆ ಅವಳ ಬೆರಳು ಅವನ ಬೆರಳಿಗೆ ತಾಗಿತು. ಅವಳು ಬೇಗ ಬಿಡಲಿಲ್ಲ.

"ನೋಡಿದ್ದಾಯ್ತಾ? ಒಪ್ಪಿಗೆಯಾ?" ಎಂದಳು, ಅವನೊಬ್ಬನಿಗೇ ಕೇಳುವ ಹಾಗೆ.

"ಕೊಟ್ಟದ್ದು ಕೈಗೇ ತಾನೆ? ಇನ್ನು ಮಾತಿಗೆ ತಪ್ಪೋ ಹಾಗಿಲ್ಲ" ಎಂದ ಪರಮಶಿವಯ್ಯ, ತಟ್ಟೆಯನ್ನೂ ಅದರ ಕೆಳಗಿನ ಬೆರಳುಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡು.